ರಾಯಚೂರಿನ ಇನ್ನೊಂದು ಟ್ರಾನ್ಸ್‌ಮಿಷನ್ ಲೈನ್

ರಾಯಚೂರಿನಲ್ಲಿ ‘ಟ್ರಾನ್ಸ್‌ಮಿಷನ್ ಲೈನ್ ಕಟ್ಟುತ್ತಿದ್ದೇನೆ’ ಎಂದರೆ ಕೇಳಿದವರು ನಿಮ್ಮನ್ನು ಕರೆಂಟಿನ ಗುತ್ತಿಗೆದಾರ ಅಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾದಾಗಿನಿಂದ ಈ ಊರಿನ ಬಯಲ ತುಂಬ ಟವರು, ತಂತಿ. 2013ರ ಡಿಸೆಂಬರ್ 31ರಂದು ದಕ್ಷಿಣದ ವಿದ್ಯುತ್ ಜಾಲ ದೇಶದ ಉಳಿದ ಜಾಲದ ಜೊತೆ ಒಂದಾದದ್ದೂ ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಲೈನಿನ ಮೂಲಕವೇ. ನಾನು ಹೇಳಹೊರಟ ಲೈನಿನ ಉದ್ದ ಎರಡು ಮೀಟರು. ಪ್ಲೈವುಡ್ ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತಿರುತ್ತದೆ, ಅದರೊಳಗೆ ಓಡಾಡುವುದು ಸದ್ದು. ಹೆಸರು ಮಾತ್ರ ತಂತಿಯ ಶಾಸ್ತ್ರದಿಂದಲೇ ಬಂದಿದೆ. ಉದ್ದ ತಂತಿಯ ತುದಿಗೆ ತಕ್ಕ ಹೊರೆ ಕಟ್ಟಿದರೆ ಹೋದ ಅಲೆ ತಿರುಗಿ ಬರುವುದಿಲ್ಲ. ಸ್ಪೀಕರಿನ ಬೆನ್ನಿನ ಸದ್ದನ್ನೂ ಹಾಗೆಯೇ ತಿರುಗಿ ಬಾರದಂತೆ ಕಳಿಸಬಹುದೇ?

ಬೆನ್ನಿನ ಸದ್ದು ಯಾಕೆ ಇಷ್ಟು ತಲೆನೋವು? 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಇಂದಿನ ಕೋನಿನ ಸ್ಪೀಕರಿಗೆ ರೂಪ ಕೊಟ್ಟರು. ಕೋನು ಮುಂದಿನ ಗಾಳಿಯನ್ನು ತಳ್ಳುವಾಗಲೇ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಬರಿಗೈಯಲ್ಲಿ ಹಿಡಿದ ಸ್ಪೀಕರಿನಲ್ಲಿ ಬೇಸ್ ಇರುವುದಿಲ್ಲ, ಯಾಕೆಂದರೆ ಮುಂದಿನದೂ ಹಿಂದಿನದೂ ಕೂಡಿ ಒಂದನ್ನೊಂದು ನುಂಗುತ್ತವೆ. ಹಾಗಾಗಿ ಪೆಟ್ಟಿಗೆ ಬೇಕು. ನಮ್ಮ ಪಾನ್ ಅಂಗಡಿ, ಟೇಲರ್ ಅಂಗಡಿಗಳಲ್ಲಿ ಇದಕ್ಕೆ ಸಿಕ್ಕ ಉತ್ತರ ಮಣ್ಣಿನ ಗಡಿಗೆ. ಅದರ ಬಾಯಿಗೆ ಸ್ಪೀಕರ್ ಕವುಚಿದರೆ ಸಣ್ಣ ಟೇಪಿಗೂ ಗುಮ್ಮೆನ್ನುವ ದನಿ ಬರುತ್ತದೆ. ಆದರೆ ಗಡಿಗೆ ಹಾಡುವುದು ತನ್ನದೇ ಒಂದು ಸ್ವರ. ಯಾವ ಹಾಡು ಹಾಕಿದರೂ ಅದೇ ‘ಗುಂ’.

ಗಡಿಗೆಯ ಗುಂ ಬೇರೆ, ಕೊಳವೆಯ ದನಿ ಬೇರೆ. ಪೆನ್ನಿನ ಟೋಪಿಯ ಅಂಚಿಗೆ ತುಟಿಯಿಟ್ಟು ಊದಿ ನೋಡಿ. ಒಂದು ಕಡೆ ಮುಚ್ಚಿದ ಕೊಳವೆ ತನ್ನ ಉದ್ದದ ನಾಲ್ಕು ಪಟ್ಟು ಉದ್ದದ ಅಲೆಗೆ ಸ್ಪಂದಿಸುತ್ತದೆ. ಐದು ಸೆಂಟಿಮೀಟರಿನ ಟೋಪಿ ಶಿಳ್ಳೆ ಹೊಡೆದರೆ 2.15 ಮೀಟರಿನ ಕೊಳವೆ 40 ಹರ್ಟ್ಜ್‌ನಲ್ಲಿ ಗುಡುಗುತ್ತದೆ. ಸದ್ದಿನ ವೇಗ ಸೆಕೆಂಡಿಗೆ 344 ಮೀಟರ್ ಎಂದು ಹಿಡಿದ ಲೆಕ್ಕ ಇದು. ಇಲ್ಲಿನ 42 ಡಿಗ್ರಿ ಬಿಸಿಲಿಗೆ ವೇಗ 357ಕ್ಕೆ ಏರಿ ಅದೇ ಕೊಳವೆ 41.5 ಹರ್ಟ್ಜ್‌ಗೆ ಹೋಗುತ್ತದೆ. ಕಿವಿಗೆ ಅದು ಗೊತ್ತೇ ಆಗುವುದಿಲ್ಲ. ರಾಯಚೂರಿನ ಬೇಸಿಗೆ ಮನುಷ್ಯರನ್ನು ಕೆಡಿಸುವಷ್ಟು ಪೆಟ್ಟಿಗೆಯನ್ನು ಕೆಡಿಸಲಾರದು.

ಈ ಕೊಳವೆಯನ್ನು ಸ್ಪೀಕರಿನ ಬೆನ್ನಿಗೆ ಕಟ್ಟುವ ಕೆಲಸ ಶುರುವಾದದ್ದು 1930ರ ದಶಕದಲ್ಲಿ. ಇಂಗ್ಲೆಂಡಿನ ಪಾಲ್ ವಾಯ್ಟ್ ಬಾಯಿಯ ಕಡೆಗೆ ಅಗಲವಾಗುತ್ತ ಹೋಗುವ ಕೊಳವೆ ಮಾಡಿದ. ಅದನ್ನು ಇಂದಿಗೂ ‘ವಾಯ್ಟ್ ಪೈಪ್’ ಎಂದೇ ಕರೆಯುತ್ತಾರೆ. ಅಮೆರಿಕದ ಸ್ಟ್ರಾಂಬರ್ಗ್–ಕಾರ್ಲ್‌ಸನ್ ಕಂಪನಿಯ ಬೆಂಜಮಿನ್ ಓಲ್ನಿ 1936ರಲ್ಲಿ ರೇಡಿಯೊ ಪೆಟ್ಟಿಗೆಯೊಳಗೆ ಅಂಕುಡೊಂಕಾದ ದಾರಿ ಕಟ್ಟಿ, ಗೋಡೆಗೆ ಸದ್ದು ಹೀರುವ ಹೊದಿಕೆ ಹಚ್ಚಿ ‘ಅಕೌಸ್ಟಿಕಲ್ ಲ್ಯಾಬಿರಿಂತ್’ ಎಂದು ಹೆಸರಿಟ್ಟ. ಆಗಿನ ದೊಡ್ಡ ರೇಡಿಯೊಗಳು ಮಾತನ್ನೂ ಪೀಪಾಯಿಯೊಳಗಿಂದ ಬಂದಂತೆ ಕೇಳಿಸುತ್ತಿದ್ದವು. ಆ ರೋಗಕ್ಕೆ ಇದು ಮದ್ದು. ಅದಕ್ಕೆ ಒಂದು ವರ್ಷ ಮೊದಲು, 1935ರಲ್ಲಿ, ರಾಯಚೂರು ಸೇರಿದ್ದ ನಿಜಾಮರ ಸಂಸ್ಥಾನದ ಹೈದರಾಬಾದಿನಲ್ಲಿ ರೇಡಿಯೊ ಶುರುವಾಗಿತ್ತು. ಅದೇ ವರ್ಷ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ಪ್ರಸಾರ ಆರಂಭಿಸಿದ್ದರು.

ಮುಂದಿನ ಮೂವತ್ತು ವರ್ಷ ಕೊಳವೆಯ ಕಡೆ ತಿರುಗಿ ನೋಡಿದವರು ಕಡಿಮೆ. ಥುರಾಸ್ ಎಂಬಾತ 1932ರಲ್ಲಿ ಪೇಟೆಂಟ್ ಪಡೆದ ತೂತಿನ ಪೆಟ್ಟಿಗೆ, ಅಂದರೆ ಗಡಿಗೆಯ ಶಿಸ್ತಿನ ಅಣ್ಣ, ಅಗ್ಗವಾಗಿ ಆಗುತ್ತಿತ್ತು. 1954ರಲ್ಲಿ ಎಡ್ಗರ್ ವಿಲ್ಚರ್ ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲೂ ಆಳದ ಬೇಸ್ ತೆಗೆದು ತೋರಿಸಿದ.

ತಿರುವು ಬಂದದ್ದು 1965ರ ಅಕ್ಟೋಬರಿನಲ್ಲಿ. ಬ್ರ್ಯಾಡ್‌ಫರ್ಡಿನಲ್ಲಿ ಪಾಠ ಹೇಳುತ್ತಿದ್ದ ಆರ್ಥರ್ ಬೇಯ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಉದ್ದ ಕೊಳವೆಗೆ ಉದ್ದ ಎಳೆಯ ಕುರಿ ಉಣ್ಣೆ ತುಂಬಿ, ಬೆನ್ನಿನ ಸದ್ದು ದಾರಿಯಲ್ಲೇ ಸಾಯಲಿ ಎನ್ನುವುದು ಅವನ ಆಲೋಚನೆ. ಬ್ರ್ಯಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಹಾಗಾಗಿ ಅವನ ಕೈಗೆ ಉಣ್ಣೆಯೇ ಸಿಕ್ಕಿತೇನೋ ಎಂಬುದು ನನ್ನ ಗುಮಾನಿ. ಉಣ್ಣೆ ಮೇಲಿನ, ನಡುವಿನ ಸ್ವರಗಳನ್ನು ಚೆನ್ನಾಗಿ ನುಂಗಿತು. ಆಳದ ಬೇಸ್ ಮಾತ್ರ ಅದಕ್ಕೆ ದಕ್ಕಲಿಲ್ಲ, ಕೊಳವೆಯ ಬಾಯಿಂದ ಹೊರಗೆ ಬಂತು. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಅದರ ಹೆಜ್ಜೆ ತಿರುಗಿ ಮುಂದಿನ ಸದ್ದಿನ ಜೊತೆ ಕೂಡಿಕೊಂಡಿತು. ಸಾಯಬೇಕಿದ್ದದ್ದು ಬದುಕಿ ಮನೆಗೆ ಉಪಕಾರ ಮಾಡಿತು. ಬೇಯ್ಲಿ 1972ರಲ್ಲಿ ಇನ್ನೊಂದು ಲೇಖನ ಬರೆದು ವಿನ್ಯಾಸ ತಿದ್ದಿದ. ‘ಟ್ರಾನ್ಸ್‌ಮಿಷನ್ ಲೈನ್’ ಎಂಬ ಹೆಸರೂ ಗಟ್ಟಿಯಾಯಿತು. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಹೆಸರು ಸರಿಯಲ್ಲ. ನಿಜವಾದ ಟ್ರಾನ್ಸ್‌ಮಿಷನ್ ಲೈನಿನಲ್ಲಿ ಏನೂ ಅನುರಣಿಸಬಾರದು. ನಾವು ಕಟ್ಟುವುದು ಅಲೆಯ ಕಾಲು ಭಾಗದಷ್ಟು ಉದ್ದದ, ಅನುರಣಿಸುವ ಕೊಳವೆಯನ್ನೇ, ಉಣ್ಣೆಯ ಕಡಿವಾಣ ಹಾಕಿ.

ಬೇಯ್ಲಿಯ ಲೇಖನ ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಮನೆಯ ಹಿತ್ತಿಲಿಗೆ ಹೋಯಿತು. ಕೆಇಎಫ್ ಕಂಪನಿಯ ಬಿ139 ಎಂಬ ಮೊಟ್ಟೆಯಾಕಾರದ ವೂಫರ್ ತಂದು, ಹಲಗೆ ಕೊಯ್ದು, ಉಣ್ಣೆ ತುಂಬಿ ಇಂಗ್ಲೆಂಡಿನ ಹವ್ಯಾಸಿಗಳು ಆಳೆತ್ತರದ ಪೆಟ್ಟಿಗೆ ಕಟ್ಟಿಕೊಂಡರು. ಐಎಂಎಫ್, ಆಮೇಲೆ ಟಿಡಿಎಲ್ ಕಂಪನಿಗಳು ಇವನ್ನೇ ಅಂಗಡಿಗೆ ತಂದವು. ಮನೆಯಲ್ಲಿ ಕಟ್ಟುವವರ ಕೈಯಲ್ಲಿ ಎರಡೇ ಸೂತ್ರ. ಕೊಳವೆ ಶುರುವಾಗುವಲ್ಲಿ ಕೋನಿನ ವಿಸ್ತೀರ್ಣದ ಒಂದೂಕಾಲು ಪಟ್ಟು, ಬಾಯಲ್ಲಿ ಕೋನಿನಷ್ಟೇ ಎನ್ನುವುದು ಒಂದು. ಲೀಟರಿಗೆ 8 ಗ್ರಾಂ ಉಣ್ಣೆ ಎನ್ನುವುದು ಇನ್ನೊಂದು. ಎಂಟಿಂಚಿನ ವೂಫರಿಗೆ ಲೆಕ್ಕ ಹಾಕಿದರೆ ಒಳಗಿನ ಜಾಗ ಸುಮಾರು 50 ಲೀಟರ್, ಉಣ್ಣೆ 400 ಗ್ರಾಂ. ಉಳಿದದ್ದು ಕಿವಿ ಮತ್ತು ದೈವ.

ಅದೇ ಹೊತ್ತಿಗೆ ಉಳಿದ ಪೆಟ್ಟಿಗೆಗಳಿಗೆ ಗಣಿತ ಬಂದಿತ್ತು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ, ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ, ಸ್ಪೀಕರಿನ ಕೆಲವೇ ಅಂಕಿಗಳಿಂದ ಪೆಟ್ಟಿಗೆಯ ಗಾತ್ರ ಹೇಳುವ ದಾರಿ ತೋರಿಸಿದರು. ಕೊಳವೆ ಮಾತ್ರ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 1976ರಲ್ಲಿ ಬ್ರ್ಯಾಡ್‌ಬರಿ ಎಂಬಾತ, ಉಣ್ಣೆಯ ಎಳೆಗಳೂ ಗಾಳಿಯ ಜೊತೆ ಅಲುಗಾಡಿ ಸದ್ದನ್ನು ಬಹಳ ನಿಧಾನ ಮಾಡುತ್ತವೆ ಎಂದು ಲೆಕ್ಕ ಕಟ್ಟಿದ. ಅದನ್ನು ನಂಬಿ ಗಿಡ್ಡ ಕೊಳವೆ ಕಟ್ಟಿದವರು ಬಹಳ ಮಂದಿ, ಬೇಸ್ ಬರಲಿಲ್ಲವೆಂದು ಬೈದುಕೊಂಡವರೂ ಅಷ್ಟೇ. ಮುಂದೆ ಅಳೆದವರಿಗೆ ಎಳೆಗಳ ಅಲುಗಾಟ ಲೆಕ್ಕಕ್ಕೆ ಬಾರದಷ್ಟು ಕಡಿಮೆ ಎಂದು ಕಂಡಿತು. ಗಾಳಿಯ ಶಾಖವನ್ನು ಎಳೆಗಳು ಹೀರುವುದರಿಂದ ವೇಗ ಇಳಿಯುವುದು ನಿಜ. ಆದರೆ ಆ ಇಳಿತಕ್ಕೆ ತಳ ಉಂಟು, 344 ಇದ್ದದ್ದು 290ರ ಕೆಳಗೆ ಹೋಗದು.

ಕಂಪನಿಗಳ ಕಥೆ ಬೇಗ ಮುಗಿಸುತ್ತೇನೆ. ಬಂಗಾಳಿ ತಂದೆಯ ಮಗ, ಎಂಐಟಿಯ ಪ್ರಾಧ್ಯಾಪಕ ಅಮರ್ ಬೋಸ್ ಅವರ ಕಂಪನಿ 1984ರಲ್ಲಿ ಕೈಯಲ್ಲಿ ಹಿಡಿದೊಯ್ಯುವ ಪೆಟ್ಟಿಗೆಯೊಳಗೆ ಮಡಚಿದ ಕೊಳವೆ ಕೂರಿಸಿತು. ಬಿಬಿಸಿಯಲ್ಲಿದ್ದ ಪೀಟರ್ ಥಾಮಸ್, ಆಡ್ರಿಯನ್ ಲೋಡರ್ ಜೊತೆ ಸೇರಿ 1991ರಲ್ಲಿ ಕಟ್ಟಿದ ಪಿಎಂಸಿ ಕಂಪನಿ ಸ್ಟುಡಿಯೊಗಳಿಗೆ ಇದೇ ಬಗೆಯ ಸ್ಪೀಕರ್ ಕೊಡುತ್ತ ಬಂದಿದೆ.

ಹವ್ಯಾಸಿಗೆ ನಿಜವಾದ ಬಿಡುಗಡೆ ಸಿಕ್ಕಿದ್ದು 2000ದ ಆಸುಪಾಸಿನಲ್ಲಿ. ಆ ವರ್ಷ ಜಾರ್ಜ್ ಆಗ್ಸ್‌ಪರ್ಗರ್ ಉಣ್ಣೆ ತುಂಬಿದ ಕೊಳವೆಗಳ ಮೇಲೆ ದೊಡ್ಡ ಪ್ರಬಂಧ ಬರೆದು ಉದ್ದ, ಅಗಲ, ತುಂಬುವ ಪ್ರಮಾಣಗಳ ಕೋಷ್ಟಕ ಕೊಟ್ಟರು. ಎಂಜಿನಿಯರ್ ಮಾರ್ಟಿನ್ ಕಿಂಗ್ ತಮ್ಮ ಲೆಕ್ಕದ ಹಾಳೆಗಳನ್ನು ಹವ್ಯಾಸಿಗಳ ಕೈಗೆ ಬಿಟ್ಟರು. ಆಸ್ಟ್ರೇಲಿಯದ ಡೇವಿಡ್ ಮೆಕ್‌ಬೀನ್ ಅವರ ‘ಹಾರ್ನ್‌ರೆಸ್ಪ್’ ಎಂಬ ತಂತ್ರಾಂಶ ಇಂದಿಗೂ ಬಿಟ್ಟಿ. ಬಾಯಿಪಾಠದ ಸೂತ್ರಗಳ ಹಿಂದಿನ ಕಾರಣ ಆಗ ಬೆಳಕಿಗೆ ಬಂತು. 40 ಹರ್ಟ್ಜ್‌ನ ಕೊಳವೆ 120ರಲ್ಲೂ 200ರಲ್ಲೂ ಕೂಗುತ್ತದೆ. ಸ್ಪೀಕರನ್ನು ಮುಚ್ಚಿದ ತುದಿಯಲ್ಲಿಡದೆ ಕೊಳವೆಯ ಮೂರನೇ ಒಂದು ಭಾಗ ಕೆಳಗೆ ಸರಿಸಿದರೆ 120ರ ಕೂಗು ಅಲ್ಲೇ ಅಡಗುತ್ತದೆ. ಬಾಯಿಯ ಕಡೆಗೆ ಕಿರಿದಾಗುವ ಕೊಳವೆ ಅದೇ ಸ್ವರಕ್ಕೆ ಗಿಡ್ಡವಾದರೂ ನಡೆಯುತ್ತದೆ. ಉಣ್ಣೆ ಕೊಳವೆಯ ತುಂಬ ಬೇಡ, ಮುಚ್ಚಿದ ಕಡೆಯಿಂದ ಅರ್ಧ ಅಥವಾ ಸ್ವಲ್ಪ ಹೆಚ್ಚು ಸಾಕು. ಬೇಯ್ಲಿಗೆ ವರ್ಷಗಟ್ಟಲೆ ಹಿಡಿದದ್ದನ್ನು ಈಗ ಮಾನ್ವಿಯ ಕಾಲೇಜು ಹುಡುಗ ಹಳೆಯ ಲ್ಯಾಪ್‌ಟಾಪಿನಲ್ಲಿ ಒಂದು ಸಂಜೆಗೆ ಮಾಡಬಹುದು.

ಹಾಗಾದರೆ ನಮ್ಮ ಕಡೆ ಯಾಕೆ ಕಾಣುವುದಿಲ್ಲ? ನಮ್ಮಲ್ಲಿ ಪೆಟ್ಟಿಗೆ ಕಟ್ಟುವ ಕೈಗಳಿಗೇನೂ ಬರವಿಲ್ಲ. ಗಣಪತಿ ಮೆರವಣಿಗೆ, ಮದುವೆಯ ಡಿಜೆಗೆ ಹದಿನೆಂಟಿಂಚಿನ ಬಾಕ್ಸುಗಳನ್ನು ಬಡಿಗೇರರು ನೋಡನೋಡುತ್ತ ಕಟ್ಟಿಕೊಡುತ್ತಾರೆ. ಆದರೆ ಅಲ್ಲಿ ಬೇಕಾದದ್ದು ಎದೆಗೆ ಗುದ್ದುವ ಬೇಸ್, ಅದೂ ರಾತ್ರಿ ಹತ್ತರ ಒಳಗೆ. 2000ದ ಶಬ್ದಮಾಲಿನ್ಯ ನಿಯಮ ಹತ್ತರಿಂದ ಬೆಳಗಿನ ಆರರವರೆಗೆ ಬಾಯಿ ಮುಚ್ಚಿಸುತ್ತದೆ. ನಮ್ಮ ಲೈನು ಕೋಣೆಯಲ್ಲಿ ಕೂತು ಕೇಳುವವರಿಗೆ. ಇನ್ನೊಂದು ಅಡ್ಡಿ ಸ್ಪೀಕರಿನದೇ. ಬಜಾರಿನಲ್ಲಿ ಸಿಗುವ ಎಷ್ಟೋ ವೂಫರುಗಳ ಬೆನ್ನ ಮೇಲೆ ‘8 ಓಮ್, 100 ವ್ಯಾಟ್’ ಬಿಟ್ಟರೆ ಏನೂ ಬರೆದಿರುವುದಿಲ್ಲ. ಅಷ್ಟರಿಂದ ಯಾವ ಲೆಕ್ಕವೂ ಹುಟ್ಟದು. ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಬೆಂಗಳೂರಿನ ಎಸ್.ಪಿ. ರೋಡಿಗಿಂತ ನಮಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಹತ್ತಿರ, ಅಲ್ಲೂ ಕತೆ ಬಹುಮಟ್ಟಿಗೆ ಇದೇ. ಥೀಲ್, ಸ್ಮಾಲ್ ಹೇಳಿದ ಅಂಕಿಗಳನ್ನು ಮನೆಯಲ್ಲೇ ಅಳೆಯಬೇಕು. ಒಂದು ರೆಸಿಸ್ಟರ್, ಕಂಪ್ಯೂಟರಿನ ಸೌಂಡ್‌ಕಾರ್ಡ್, ಬಿಟ್ಟಿ ತಂತ್ರಾಂಶ ಇದ್ದರೆ ಸಾಕು. ಕೋನಿನ ಮೇಲೆ ಗೊತ್ತಾದ ತೂಕ ಅಂಟಿಸಿ ಇನ್ನೊಮ್ಮೆ ಅಳೆಯುವ ಹಂತವೊಂದಿದೆ. ಅದಕ್ಕೆ ರೂಪಾಯಿ ನಾಣ್ಯ ಬಳಸಬೇಡಿ. ಉಕ್ಕಿನ ನಾಣ್ಯವನ್ನು ಮ್ಯಾಗ್ನೆಟ್ ಎಳೆದುಕೊಂಡು ಲೆಕ್ಕವೆಲ್ಲ ಕೆಡುತ್ತದೆ. ಮಕ್ಕಳ ಆಟದ ಜೇಡಿ ಒಳ್ಳೆಯದು.

ಎಷ್ಟು ಆಳದ ಬೇಸ್ ಬೇಕು ಎನ್ನುವುದು ನೀವು ಏನು ಕೇಳುತ್ತೀರಿ ಎನ್ನುವುದರ ಮೇಲೆ. ವಿಜಯದಾಸರ ಚೀಕಲಪರವಿ, ಜಗನ್ನಾಥದಾಸರ ಮಾನ್ವಿ, ಗೋಪಾಲದಾಸರ ಮೊಸರಕಲ್ಲು ಇರುವ ಸೀಮೆ ಇದು. ದಾಸರ ಪದ, ತತ್ವಪದ, ಹಿಂದೂಸ್ತಾನಿ ಕೇಳುವವರೇ ಹೆಚ್ಚು. ಗಂಡುದನಿಗೆ ಕೂಡಿಸಿದ ತಂಬೂರಿಯ ಖರಜದ ತಂತಿ ಸುಮಾರು 70 ಹರ್ಟ್ಜ್. 25 ಹರ್ಟ್ಜ್ ಬೇಕೆಂದು ಮೂರೂವರೆ ಮೀಟರ್ ಕೊಳವೆ ಕಟ್ಟಿ ಮನೆಯವರ ಕೈಲಿ ಬೈಸಿಕೊಳ್ಳುವುದಕ್ಕಿಂತ 45ರ ಲೈನು ಜಾಣತನ. ತಂಬೂರಿಯ ಕೆಳತಂತಿ ಗಡಿಗೆಯ ಗುಂ ಇಲ್ಲದೆ, ತನ್ನ ಮೈಯಷ್ಟೇ ಅಗಲವಾಗಿ ಕೇಳಿಸುವುದು ಈ ಪೆಟ್ಟಿಗೆಯ ದೊಡ್ಡ ಗುಣ. ನನಗೆ ಇದರ ಹುಚ್ಚು ಹಿಡಿದದ್ದೂ ಅದಕ್ಕೇ.

ತುಂಬುವ ಸಾಮಾನಿನ ವಿಷಯದಲ್ಲಿ ಎಡವಿದವನು ನಾನೇ. ಹತ್ತಿಯ ಊರಿನಲ್ಲಿದ್ದು ಉಣ್ಣೆ ಹುಡುಕುವುದೇಕೆ ಎಂದು, ಗಾದಿಗೆ ಹಿಂಜಿಸುವಂತೆ ಹತ್ತಿ ಹಿಂಜಿಸಿ ತುಂಬಿದೆ. ಮೊದಲ ತಿಂಗಳು ಸೊಗಸಾಗಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ದನಿ ಕೆಟ್ಟಿತು. ಹಿಂದಿನ ಹಲಗೆ ಬಿಚ್ಚಿ ನೋಡಿದರೆ ಹತ್ತಿಯೆಲ್ಲ ಗಂಟುಗಟ್ಟಿ ತಳಕ್ಕೆ ಕೂತಿತ್ತು, ಮೇಲೆ ಬರಿ ಗಾಳಿ. ಉಣ್ಣೆಗೆ ಪುಟಿಯುವ ಗುಣವಿದೆ, ಹತ್ತಿಗೆ ಇಲ್ಲ. ಬೇಯ್ಲಿ ಉಣ್ಣೆ ಹಿಡಿದದ್ದು ಊರಿನ ಅಭಿಮಾನಕ್ಕಷ್ಟೇ ಅಲ್ಲ ಎಂದು ಅಂದು ಅರ್ಥವಾಯಿತು.

ಉಣ್ಣೆಯೂ ನಮ್ಮಲ್ಲೇ ಇದೆ. ಕಂಬಳಿಗೆ ನೂಲುತ್ತಿದ್ದ ದಖನಿ ಕುರಿಯ ಒರಟು ಕರಿ ಉಣ್ಣೆಗೆ ಈಗ ಕೇಳುವವರು ಕಡಿಮೆ. ಈ ಪೆಟ್ಟಿಗೆಗೆ ಆ ಒರಟುತನ ಅಡ್ಡಿಯಲ್ಲ, ನಯವಾದ ಉಣ್ಣೆಗಿಂತ ಒಂದಿಷ್ಟು ಹೆಚ್ಚು ತುಂಬಿದರಾಯಿತು. ದೇವದುರ್ಗದ ಕಡೆ ಉಣ್ಣೆ ಕತ್ತರಿಸುವ ಕಾಲಕ್ಕೆ ಹೋಗಿ ಕುರಿಗಾಹಿಗಳನ್ನೇ ಕೇಳಿ. ತಂದದ್ದನ್ನು ಬಿಸಿನೀರು, ಸೋಪಿನಲ್ಲಿ ಎರಡು ಸಲ ತೊಳೆದು ಜಿಡ್ಡು ತೆಗೆಯಿರಿ, ಬಿಸಿಲಿಗೆ ಒಣಗಿಸಿ ಎಳೆ ಬಿಡಿಸಿ. ಹಲಗೆಗೆ 18 ಮಿಲಿಮೀಟರಿನ ಒಳ್ಳೆಯ ಪ್ಲೈವುಡ್ ಕೊಳ್ಳಿ, ಗೆದ್ದಲಿಗೆ ಔಷಧಿ ಹಚ್ಚಿಸಿ. ಹಿಂದಿನ ಹಲಗೆಯನ್ನು ಮಾತ್ರ ಅಂಟಿಸಬೇಡಿ, ಸ್ಕ್ರೂ ಹಾಕಿ. ವರ್ಷಕ್ಕೊಮ್ಮೆ ಬಿಚ್ಚಿ ಉಣ್ಣೆಗೆ ನುಸಿ ಹಿಡಿದಿದೆಯೇ ನೋಡಿ ನಾಲ್ಕು ನುಸಿಗುಳಿಗೆ ಹಾಕಬೇಕಾಗುತ್ತದೆ.