ಒಮ್ಮತದ ನಿರ್ಣಯ (ಕನ್ನಡ ವಿಕಿಪೀಡಿಯ)

ಸ್ವಯಂಸೇವಕರ ಯೋಜನೆಗಳಲ್ಲಿ ಮತ ಎಣಿಸದೆ, ಕಾರಣಸಹಿತ ಚರ್ಚೆಯಿಂದ ತೀರ್ಮಾನಕ್ಕೆ ಬರುವ ಪದ್ಧತಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದಕ್ಕೆ ಉದಾಹರಣೆ. ಹೋಲಿಕೆಗೆ, ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು (ಸ್ಥಾಪನೆ 1915) ಸದಸ್ಯರ ಮತದಾನದಿಂದ ಅಧ್ಯಕ್ಷರನ್ನು ಆರಿಸುತ್ತದೆ. ಯಾರು ಬೇಕಾದರೂ ಸಂಪಾದಿಸಬಹುದಾದ ವಿಕಿಪೀಡಿಯಕ್ಕೆ ಅಂಥ ನಿಶ್ಚಿತ ಮತದಾರರ ಪಟ್ಟಿಯಿಲ್ಲ. ಆದ್ದರಿಂದ ತಲೆಯೆಣಿಕೆಗಿಂತ ವಾದದ ತೂಕಕ್ಕೆ ಬೆಲೆ.

ಕಾರ್ಯವಿಧಾನ: ಸಮುದಾಯಕ್ಕೆಲ್ಲ ಸಂಬಂಧಿಸಿದ ಪ್ರಸ್ತಾವಗಳನ್ನು ‘ಅರಳಿಕಟ್ಟೆ’ ಎಂಬ ಚರ್ಚಾಪುಟದಲ್ಲಿ ಮಂಡಿಸಲಾಗುತ್ತದೆ. ಆಕ್ಷೇಪ ಬಂದರೆ ಪ್ರಸ್ತಾವವನ್ನು ತಿದ್ದಬಹುದು, ಹಿಂಪಡೆಯಬಹುದು. ಆಧಾರಭೂತ ತಂತ್ರಾಂಶವಾದ ಮೀಡಿಯಾವಿಕಿಯ ಸ್ಥಳೀಯ ಹೊಂದಾಣಿಕೆ ಬದಲಿಸಲು ಕೋರುವಾಗ ಸಮುದಾಯದ ಒಪ್ಪಿಗೆಯನ್ನು ತೋರಿಸಬೇಕಾಗುತ್ತದೆ.

ಹಿನ್ನೆಲೆ: ಅಂತರಜಾಲದ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಹ ಮತದಾನವನ್ನು ಬದಿಗಿಟ್ಟು ‘ಸ್ಥೂಲ ಒಮ್ಮತ’ವನ್ನು ಅನುಸರಿಸುತ್ತದೆ. ಇದನ್ನು ಅಮೆರಿಕದ ಗಣಕ ವಿಜ್ಞಾನಿ ಡೇವಿಡ್ ಕ್ಲಾರ್ಕ್ 1992ರಲ್ಲಿ ಸೂತ್ರರೂಪದಲ್ಲಿ ಹೇಳಿದರು. ಎಲ್ಲರೂ ಒಪ್ಪಲೇಬೇಕೆಂದಿಲ್ಲ, ಪ್ರತಿ ಆಕ್ಷೇಪವೂ ಪರಿಶೀಲನೆಗೊಳಗಾಗಬೇಕು.

ಮಿತಿಗಳು: ಸಕ್ರಿಯರು ಕಡಿಮೆಯಿದ್ದಲ್ಲಿ ಮೌನವೇ ಸಮ್ಮತಿಯೆನಿಸುತ್ತದೆ, ಒಬ್ಬರ ಹಟದಿಂದ ತೀರ್ಮಾನ ತಡವಾಗಬಹುದು. ಒಮ್ಮೆ ಮೂಡಿದ ಒಮ್ಮತವೂ ಶಾಶ್ವತವಲ್ಲ, ಹೊಸ ಕಾರಣಗಳಿದ್ದರೆ ಮರುಚರ್ಚೆಗೆ ಅವಕಾಶವಿದೆ.