ವರ್ಷಾ ವರ್ಷ ಆಳವಾಗಿ ಉತ್ತರೆ ಬೆಳೆ ಹೆಚ್ಚುತ್ತದೆಯೇ?

1903ರ ಸುಮಾರಿಗೆ ಬೆಳಗಾವಿಯಲ್ಲಿ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಹೆದರಿದ್ದರಂತೆ. ಈಗ ನಂಬಿಕೆ ತಿರುಗಿದೆ: ಆಳವಾಗಿ ಉತ್ತಷ್ಟೂ ಫಸಲು ಹೆಚ್ಚು! ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆ ಹೊಲಗಳಿಗೆ ಇದು ಎಷ್ಟು ನಿಜ? ನೋಡೋಣ.

ಎರೆ ಭೂಮಿ ತನ್ನನ್ನು ತಾನೇ ಉಳುತ್ತದೆ

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲಿನ ಸಡಿಲ ಮಣ್ಣು ಆ ಬಿರುಕಿನಲ್ಲಿ ಕೆಳಗಿಳಿಯುತ್ತದೆ. ಹಿರಿಯರು ಕುಂಟಿ ಹೊಡೆದು ಹರಗುತ್ತಿದ್ದುದರ ಲಾಭವೂ ಇಲ್ಲೇ ಇದೆ. ಮೇಲಿನ ಎರಡು-ಮೂರು ಇಂಚು ಪುಡಿ ಮಣ್ಣು ಬಿರುಕು ಮುಚ್ಚಿ, ತೇವ ಆರದಂತೆ ಹೊದಿಕೆಯಾಗುತ್ತದೆ. ಹಿಂಗಾರಿ ಜೋಳ, ಕಡಲೆ ಬದುಕುವುದು ಈ ತೇವದ ಮೇಲೆಯೇ.

ಆಳದ ಉಳುಮೆ ಯಾವಾಗ ಬೇಕು?

ಕರಿಕೆಯ ಬೇರು ಕೀಳಲು, ಇಲ್ಲವೇ ಕೆಳಗಿನ ಗಟ್ಟಿ ಪದರ ಒಡೆಯಲು. ಪ್ರತಿ ವರ್ಷ ಒಂದೇ ಆಳಕ್ಕೆ, ಅದೂ ಹಸಿ ಇದ್ದಾಗ ಉತ್ತರೆ ನೇಗಿಲಿನ ತಳ ಮತ್ತು ಟ್ರ್ಯಾಕ್ಟರ್ ಭಾರಕ್ಕೆ ಈ ಪದರ ಕಟ್ಟುತ್ತದೆ. ಜೇಡಿಮಣ್ಣು ಒಂದು ಘನ ಸೆಂಟಿಮೀಟರಿಗೆ ಸುಮಾರು 1.4–1.5 ಗ್ರಾಂ ತೂಗುವಷ್ಟು ಬಿಗಿಯಾದರೆ ಬೇರು ಇಳಿಯುವುದು ಕಷ್ಟ.

ಯಾವುದು ಏನು ಮಾಡುತ್ತದೆ?

• ಪಲ್ಟಿ ನೇಗಿಲು: ಮಣ್ಣನ್ನು ಮಗುಚಿ ಕಳೆ ಹೂಳುತ್ತದೆ. ತೀರಾ ಆಳಕ್ಕೆ ಹೋದರೆ ಕೆಳಗಿನ ಸುಣ್ಣದ ಹರಳು, ಉಪ್ಪು ಮೇಲೆ ಬರಬಹುದು.
• ಚಿಸೆಲ್ ನೇಗಿಲು: ಮಗುಚದೆ ಗಟ್ಟಿ ಪದರ ಸೀಳುತ್ತದೆ. ಮಣ್ಣು ಒಣಗಿದ್ದರೆ ಮಾತ್ರ ಕೆಲಸ.
• ರೋಟಾವೇಟರ್: ಮೇಲ್ಮಣ್ಣನ್ನಷ್ಟೇ ಹಿಟ್ಟು ಮಾಡುತ್ತದೆ. ಮಸಾರಿ ಹೊಲದಲ್ಲಿ ಒಂದು ಮಳೆ ಬಿದ್ದರೆ ಹೆಪ್ಪುಗಟ್ಟಿ ಮೊಳಕೆ ಏಳುವುದಿಲ್ಲ.

ಕಲಘಟಗಿ ಕಡೆ ಲೆಕ್ಕ ಬೇರೆ. ನೀರು ನಿಲ್ಲಿಸಿ ಭತ್ತ ನಾಟಿ ಮಾಡುವ ಗದ್ದೆಗೆ ಗಟ್ಟಿ ಪದರವೇ ಆಧಾರ. ಅದನ್ನು ಒಡೆದರೆ ನೀರು ಇಂಗಿಹೋಗುತ್ತದೆ.

ನೀವೇ ಪರೀಕ್ಷಿಸಿ

ಬೆಳೆ ನಿಂತಾಗ ಒಂದೂವರೆ ಅಡಿ ಗುಂಡಿ ತೋಡಿ. ಬೇರು ನೇರ ಇಳಿದಿದ್ದರೆ ಆಳದ ಉಳುಮೆಯ ಖರ್ಚು ಬೇಡ. ಅಡ್ಡ ತಿರುಗಿದ್ದರೆ ಬೇಸಿಗೆಯಲ್ಲಿ ಒಮ್ಮೆ ಚಿಸೆಲ್ ಹೊಡೆಸಿ. ಉಳುವ ಮುನ್ನ ಆ ಆಳದ ಮಣ್ಣನ್ನು ಅಂಗೈಯಲ್ಲಿ ಉಜ್ಜಿ: ಬತ್ತಿಯಂತೆ ಉದ್ದವಾದರೆ ಇನ್ನೂ ಹಸಿ, ಟ್ರ್ಯಾಕ್ಟರ್ ಇಳಿಸಬೇಡಿ.

ನಮ್ಮ ತೀರ್ಮಾನ: ಅರ್ಧ ಸತ್ಯ. ಉಳುಮೆಯ ಆಳವನ್ನು ಫಾರ್ವರ್ಡ್ ಹೇಳಬಾರದು, ನಿಮ್ಮ ಹೊಲದ ಗುಂಡಿ ಹೇಳಬೇಕು.