ಹರಿಗೋಲಿನ ಜೀರ್ಣೋದ್ಧಾರ

ದೇವಾಲಯಕ್ಕೆ ಜೀರ್ಣೋದ್ಧಾರವುಂಟು, ಕೆರೆಗೂ ಬಾವಿಗೂ ಉಂಟು. ಮಾಡಿಸಿದವರ ಹೆಸರು ಶಿಲಾಶಾಸನಗಳಲ್ಲಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಆದರೆ ಅಜ್ಜನ ಕಾಲದ ಹರಿಗೋಲೊಂದನ್ನು ಮೊಮ್ಮಗನು ಬಿಚ್ಚಿ, ಮುರಿದ ಬಿದಿರನ್ನು ತೆಗೆದು, ಹೊಸ ಹೊದಿಕೆಯನ್ನು ಬಿಗಿದು ಪುನಃ ಹೊಳೆಗಿಳಿಸಿದರೆ ಅದನ್ನು ಕಲ್ಲಿನ ಮೇಲೆ ಬರೆಯಿಸುವವರು ಯಾರು? ನಮ್ಮ ಜಿಲ್ಲೆಯ ಚರಿತ್ರೆಯನ್ನು ಬರೆಯುವವರು ಕೋಟೆಕೊತ್ತಲಗಳಿಗೆ ತೋರಿದ ಆದರವನ್ನು ಹೊಳೆಯ ಸಾಧನಗಳಿಗೆ ತೋರಲಿಲ್ಲವೆಂಬುದು ನನ್ನ ಹಳೆಯ ಅಸಮಾಧಾನವು.

ಹಿರೋಳ್ಳಿಯ ಕಡೆಯಿಂದ ತೆಂಕಣಕ್ಕೆ ಹೊರಟವರಿಗೆ ಅಫಜಲಪುರದ ಸೀಮೆಯಲ್ಲಿ ಭೀಮೆಯು ಎದುರಾಗುತ್ತಾಳೆ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನ್ನಿಸಿಕೊಂಡು, ಗಾಣಗಾಪುರದ ಬಳಿ ನಮ್ಮ ಆಳಂದದ ಅಮರ್ಜೆಯನ್ನು ಕೂಡಿಕೊಂಡು, ಜೇವರ್ಗಿಯ ನೆಲವನ್ನು ತೊಳೆಯುತ್ತ ಅವಳು ಕೃಷ್ಣೆಯನ್ನು ಸೇರುವಳು. ಸೇತುವೆಗಳಿಲ್ಲದ ಕಾಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ಈ ದಂಡೆಗೂ ಆ ದಂಡೆಗೂ ಸಂಬಂಧವನ್ನು ಉಳಿಸುತ್ತಿದ್ದುದು ಹರಿಗೋಲು. ಮೀನುಗಾರರಿಗಂತೂ ಅದೇ ಹೊಲ, ಅದೇ ಎತ್ತು.

ಶಬ್ದವು ಪ್ರಾಚೀನವಾದುದು. ಹಳಗನ್ನಡದ ‘ಪರಿಗೋಲ್’ ಎಂಬುದೇ ಪಕಾರವು ಹಕಾರವಾಗಿ ಹರಿಗೋಲಾಯಿತು. ತಮಿಳರು ಪರಿಸಲ್ ಎನ್ನುವರು. ತೆಲುಗರು ಪುಟ್ಟಿ ಎನ್ನುವರು. ಸಂಸ್ಕೃತದಲ್ಲಿ ಇದನ್ನು ಹುಡುಕುವವರು ರಘುವಂಶದ ಎರಡನೆಯ ಶ್ಲೋಕವನ್ನು ನೋಡಬೇಕು. ದುಸ್ತರವಾದ ಸಾಗರವನ್ನು ಉಡುಪದಿಂದ ದಾಟಬಯಸುವ ತನ್ನ ಅವಿವೇಕವನ್ನು ಕವಿಯು ಅಲ್ಲಿ ಹೇಳಿಕೊಳ್ಳುತ್ತಾನೆ. ಪಾಠಶಾಲೆಗಳಲ್ಲಿ ಉಡುಪವೆಂದರೆ ತೆಪ್ಪವೆಂದು ಹೇಳಿ ಮುಂದಕ್ಕೆ ಹೋಗುವ ವಾಡಿಕೆಯುಂಟು. ಮಲ್ಲಿನಾಥನಾದರೋ ತೆಪ್ಪವೆಂದು ಮೊದಲು ಅರ್ಥಮಾಡಿ, ಅಥವಾ ಚರ್ಮದಿಂದ ಬಿಗಿದ ಪಾತ್ರವೆಂದು ಎರಡನೆಯ ಅರ್ಥವನ್ನೂ ಕೊಟ್ಟು, ಅದು ಬುಟ್ಟಿಯಂತಿರುವುದೆಂಬುದಕ್ಕೆ ಕೋಶದ ಆಧಾರವನ್ನು ತೋರಿಸಿದ್ದಾನೆ. ಬುಟ್ಟಿಯಂತಿರುವ, ಚರ್ಮದಿಂದ ಬಿಗಿದ ಉಡುಪವು ನಮ್ಮ ಹರಿಗೋಲಲ್ಲದೆ ಮತ್ತೇನು?

ಪರದೇಶಿಗಳೂ ಇದನ್ನು ಬೆರಗಿನಿಂದ ನೋಡಿದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಾದ, ಒಳಗೆ ಬೆತ್ತ, ಹೊರಗೆ ತೊಗಲುಳ್ಳ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನರು ದಾಟುವರೆಂದೂ, ಅವು ನೆಟ್ಟಗೆ ಸಾಗಲಾರದೆ ಸುತ್ತುತ್ತಲೇ ಹೋಗುವುವೆಂದೂ ಬರೆದಿಟ್ಟಿದ್ದಾನೆ. ಅವನಿಗಿಂತ ಎರಡು ಸಾವಿರ ವರುಷಗಳ ಹಿಂದೆಯೇ ಗ್ರೀಕ ಚರಿತ್ರಕಾರ ಹೆರೊಡೊಟಸನು ಬಾಬಿಲೋನಿನ ನದಿಯಲ್ಲಿ ಗುರಾಣಿಯಂತೆ ದುಂಡಗಿದ್ದ ತೊಗಲದೋಣಿಗಳನ್ನು ವರ್ಣಿಸಿದ್ದನು. 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲೆಸ್ಲಿಯು ತನ್ನ ಸೈನ್ಯವನ್ನು ಹೊಳೆ ದಾಟಿಸಲು ಬುಟ್ಟಿದೋಣಿಗಳನ್ನೇ ಕಟ್ಟಿಸಿದನು. ಮುಂದೆ ನೆಪೋಲಿಯನ್ನನನ್ನು ಗೆದ್ದ ಸೇನಾನಿಯು ನಮ್ಮ ಹೊಳೆಗಳ ಮುಂದೆ ನಮ್ಮ ಬಿದಿರನ್ನೇ ನಂಬಬೇಕಾಯಿತು.

ಇನ್ನು ರಚನೆಯ ಮಾತು. ಬಿದಿರನ್ನು ಉದ್ದಕ್ಕೆ ಸೀಳಿ, ನೆಲದ ಮೇಲೆ ನಡುವಿನಿಂದ ಹೆಣೆಯುತ್ತ, ಕಲ್ಲುಗಳನ್ನು ಹೇರಿ ತಳವನ್ನು ಕೂಡಿಸಿ, ಸೀಳುಗಳ ತುದಿಗಳನ್ನು ಮೇಲಕ್ಕೆ ಬಾಗಿಸಿ ಬಾಯಂಚನ್ನು ದಪ್ಪವಾಗಿ ಸುತ್ತಿ ಕಟ್ಟುತ್ತಾರೆ. ಅದರ ಮೇಲೆ ಹದಮಾಡಿದ ತೊಗಲನ್ನು ಹೊಲಿದು ಬಿಗಿಯುವುದು ಪೂರ್ವದ ಪದ್ಧತಿ. ಹೆಣಿಗೆಯು ಮೇದಾರನ ವಿದ್ಯೆ, ತೊಗಲು ಡೋಹರನದು, ಹುಟ್ಟು ಅಂಬಿಗನದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬ ಮೂವರ ಹೆಸರುಗಳನ್ನು ನೆನೆದಾಗಲೆಲ್ಲ ನನಗೆ ಒಂದು ಹರಿಗೋಲು ಕಣ್ಣಿಗೆ ಕಟ್ಟುತ್ತದೆ. ಮೂರು ಕಾಯಕಗಳು ಕೂಡದೆ ಅದು ತೇಲದು.

ತೊಗಲು ನೀರಿನಲ್ಲಿ ನೆನೆದು ಕೊಳೆಯುವ ಪದಾರ್ಥವಾದುದರಿಂದ ಕೆಲಸ ಮುಗಿದೊಡನೆ ಹರಿಗೋಲನ್ನು ದಂಡೆಗೆ ಹೊತ್ತು ತಂದು ಬೋರಲು ಹಾಕಿ ಒಣಗಿಸಬೇಕು. ಹೀಗೆ ಜೋಪಾನ ಮಾಡಿದರೂ ಹೊದಿಕೆಯು ಬಿದಿರಿಗಿಂತ ಮೊದಲೇ ಸಾಯುವುದು. ಆದುದರಿಂದ ಹರಿಗೋಲಿನ ಬಾಳೆಂದರೆ ಪದೇಪದೇ ಮೈ ಬದಲಿಸುವ ಬಾಳು. ಈಗ ತೊಗಲಿನ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲಗಳ ಬಟ್ಟೆಯೂ ಡಾಂಬರೂ ಬಂದಿವೆ. ಇದನ್ನು ಕಂಡು ಮೂಗು ಮುರಿಯುವ ಪುರಾತನಪ್ರಿಯರನ್ನು ನಾನು ಒಪ್ಪಲಾರೆ.

ನ್ಯಾಯಶಾಸ್ತ್ರವನ್ನು ಓದಿದವರು ಇಲ್ಲಿ ಖಂಡಪಟದ ವಾದವನ್ನು ಎತ್ತಬಹುದು. ಬಟ್ಟೆಯಿಂದ ಒಂದು ನೂಲನ್ನು ಸೆಳೆದರೂ ಹಳೆಯ ಬಟ್ಟೆಯು ನಾಶವಾಗಿ ಹೊಸದೊಂದು ಹುಟ್ಟುವುದೆಂದು ನೈಯಾಯಿಕರು ಹೇಳುತ್ತಾರೆ. ಹಾಗಾದರೆ ಹೊದಿಕೆ ಬದಲಾದ ಹರಿಗೋಲು ಅಜ್ಜನದಲ್ಲವೆನ್ನಬೇಕಷ್ಟೆ? ಥೀಸಿಯಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಿಸಿದ ಅಥೇನ್ಸಿನವರ ಕಥೆಯನ್ನು ಹೇಳುವಾಗ ಪ್ಲೂಟಾರ್ಕನೂ ಇದೇ ತೊಡಕನ್ನು ಕಾಣಿಸಿದ್ದಾನೆ. ಭೀಮೆಯ ದಂಡೆಯಲ್ಲಿ ಡಾಂಬರು ಬಳಿಯುತ್ತಿದ್ದ ಒಬ್ಬ ಹಿರಿಯ ಅಂಬಿಗನನ್ನು ನಾನು ಇದನ್ನೇ ಕೇಳಿದೆನು. “ಮ್ಯಾಲಿಂದು ಬದಲಾದ್ರೇನ್ರೀ ಮಾಸ್ತರ, ಹರಗೋಲ ನಮ್ಮಪ್ಪಂದೇ ಅದರಿ,” ಎಂದು ಅವನು ಕೈ ನಿಲ್ಲಿಸದೆ ಉತ್ತರಕೊಟ್ಟನು. ಅದೇ ಇದೆಂಬ ಪ್ರತ್ಯಭಿಜ್ಞೆಯನ್ನು ಪ್ರಮಾಣವೆನ್ನುವ ಮೀಮಾಂಸಕರು ಅವನ ಪಕ್ಷವನ್ನು ಹಿಡಿದಾರು.

ಅಮೇರಿಕೆಯಲ್ಲಿ ಎರಡನೆಯ ಮಹಾಯುದ್ಧವು ಮುಗಿಯುವ ಹೊತ್ತಿಗೆ, 1945ರಲ್ಲಿ, ವಿಮಾನಗಳನ್ನು ಮಾಡುತ್ತಿದ್ದ ಗ್ರಮ್ಮನ್ ಕಂಪನಿಯು ಅಲ್ಯೂಮಿನಿಯಮ್ಮಿನ ದೋಣಿಗಳನ್ನು ಮಾಡತೊಡಗಿತು. ಅಂತಹ ದೋಣಿಯ ಸಡಿಲಿದ ರಿವೆಟ್ಟನ್ನು ಬಡಿದು, ತಗ್ಗನ್ನು ಸರಿಪಡಿಸಿ ಮಕ್ಕಳಿಗೆ ಒಪ್ಪಿಸುವ ಮನೆತನಗಳು ಅಲ್ಲುಂಟು. ಲೋಹಕ್ಕೆ ಆಯುಷ್ಯ ಹೆಚ್ಚು. ದುರಸ್ತಿಗೆ ಮಾತ್ರ ಲೋಹದ ಕೆಲಸ ಬಲ್ಲವನು ಬೇಕು. ನಮ್ಮ ಹೊಳೆಗಳಿಗೆ ಗಾಜುನಾರಿನ ಹರಿಗೋಲುಗಳೂ ಬಂದಿವೆ. ಅವು ಹಗುರ, ಕೊಳೆಯುವುದಿಲ್ಲ. ಆದರೆ ಬಿರುಕು ಬಿಟ್ಟರೆ ರಾಳವನ್ನೂ ನಾರನ್ನೂ ಪೇಟೆಯಿಂದ ತರಬೇಕು. ಬಿದಿರಿನದಾದರೆ ಸೀಳುಗಳೂ ಹೆಣೆಯುವ ಕೈಗಳೂ ಊರಲ್ಲಿಯೇ ದೊರೆಯುತ್ತಿದ್ದವು.

2020ರ ಅಕ್ಟೋಬರದಲ್ಲಿ ಉಜನಿಯಿಂದ ಬಿಟ್ಟ ನೀರು ಅಫಜಲಪುರ, ಜೇವರ್ಗಿಗಳ ದಂಡೆಯ ಹಳ್ಳಿಗಳನ್ನು ನುಗ್ಗಿದಾಗ ಜನರನ್ನು ಪಾರುಮಾಡಲು ರಕ್ಷಣಾಪಡೆಯ ಯಂತ್ರದೋಣಿಗಳು ಬಂದವು. ಅಂತಹ ಮಹಾಪೂರಕ್ಕೆ ಹರಿಗೋಲು ಎದುರಲ್ಲವೆಂಬುದು ನಿಜವು. ನೀರು ಇಳಿದು ಹೊಳೆಯು ತನ್ನ ಪಾತ್ರಕ್ಕೆ ಮರಳಿದ ಮೇಲೆ ಬಲೆ ಬೀಸುವವನಿಗೆ ಬೇಕಾಗುವುದು, ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯಬಹುದಾದ, ಮೊಳದುದ್ದ ನೀರಿನಲ್ಲಿಯೂ ತೇಲುವ ಈ ಬುಟ್ಟಿಯೇ. ಬಿದಿರನ್ನು ಬಾಗಿಸಿ ಬಾಯಂಚನ್ನು ಕಟ್ಟಬಲ್ಲವರು ದಂಡೆಯ ಯಾವ ಯಾವ ಊರುಗಳಲ್ಲಿ ಇನ್ನೂ ಇದ್ದಾರೆಂಬುದನ್ನು ನಮ್ಮ ಸಂಘದ ತರುಣರು ಬರುವ ಬೇಸಗೆಯಲ್ಲಿ ಕೇಳಿ ಬರೆದುಕೊಂಡು ಬಂದರೆ, ಆ ಪಟ್ಟಿಯನ್ನು ಈ ಪತ್ರಿಕೆಯಲ್ಲಿಯೇ ಅಚ್ಚುಮಾಡಿಸಬಹುದು.